ತಾತನ ಯೆಜ್ಡಿ, ಬಟ್ಟೆ ಸೋಪು ಮತ್ತು ಒಂದು ಮೊಳೆ

ಈ ಸಂಚಿಕೆಗೆ ನಾವು ನಾಲ್ಕು ಜನ ಸೇರಿ ಬರೆಯಬೇಕು ಅಂದುಕೊಂಡಿದ್ದ ಲೇಖನವೇ ಬೇರೆ. "ಟೂ-ಸ್ಟ್ರೋಕ್ ಎಂಜಿನ್ ಹೇಗೆ ಕೆಲಸ ಮಾಡುತ್ತೆ" ಅಂತ ಒಂದು ನೀಟಾದ ಪಾಠ, ಎರಡು ಚಿತ್ರ, ಮುಗೀತು. ಆದರೆ ಸೆಪ್ಟೆಂಬರ್‌ನಲ್ಲಿ ವರ್ಕ್‌ಶಾಪ್ ಹಿಂದಿನ ಇಳಿಜಾರಿನಲ್ಲಿ ನಮ್ಮಲ್ಲೊಬ್ಬ ಬೈಕ್ ಸಮೇತ ಬೇಲಿಗೆ ನುಗ್ಗಿ ಎಡಗೈ ಮಣಿಕಟ್ಟು ಮುರಿದುಕೊಂಡ. ಅಲ್ಲಿಗೆ ವಿಷಯ ಬದಲಾಯಿತು. ಕಾರಣ ಒಂದು ಮೊಳೆ. ಗೋಡೆಗೆ ಕ್ಯಾಲೆಂಡರ್ ನೇತುಹಾಕ್ತೀವಲ್ಲ, ಅದೇ ಮೊಳೆ. ಅದಕ್ಕೆ ಆಮೇಲೆ ಬರ್ತೀವಿ.

ಬೈಕು ನಮ್ಮದಲ್ಲ, ನಮ್ಮಲ್ಲೊಬ್ಬನ ತಾತಂದು. 1970ರ ದಶಕದ ಕೊನೆಯ ಯೆಜ್ಡಿ 250. 2004ರಿಂದ ಮನೆಯ ಹಿಂದಿನ ಶೀಟ್ ಕೆಳಗೆ, ಅಕ್ಕಿ ಚೀಲದ ಗೋಣಿ ಹೊದ್ದುಕೊಂಡು ನಿಂತಿತ್ತು. ತಾತನಿಗೆ ಈಗ 78. "ನಾನಂತೂ ಇನ್ನು ಒದೆಯೋಕಾಗಲ್ಲ, ನೀವೇ ತಗೊಂಡೋಗಿ ಏನಾದ್ರೂ ಕಲೀರಪ್ಪ" ಅಂತ ಕೊಟ್ಟರು. ಕಾಲೇಜಿನ ಕಾಂಪೌಂಡ್ ಒಳಗೆ ಮಾತ್ರ ಓಡಿಸಬೇಕು ಅಂತ ಅವರ ಸೊಸೆ, ಅಂದರೆ ನಮ್ಮ ಗೆಳೆಯನ ಅಮ್ಮ, ಷರತ್ತು ಹಾಕಿದರು. ನಾವು ಟೆಂಪೋದಲ್ಲಿ ಹಾಕಿಕೊಂಡು ಬಂದ್ವಿ.

ಮೈಸೂರಿನವರಿಗೆ ಯೆಜ್ಡಿ ಪರಿಚಯ ಮಾಡಿಕೊಡಬೇಕಿಲ್ಲ. ಉಳಿದವರಿಗೆ ಚಿಕ್ಕದಾಗಿ: ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಲೈಸೆನ್ಸ್ ಪಡೆದು ಐಡಿಯಲ್ ಜಾವಾ ಅನ್ನೋ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿ 1961ರಿಂದ ಬೈಕು ತಯಾರಿಸಿತು. 1970ರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಒಂದು ಸಿಲಿಂಡರ್, ಎರಡು ಸೈಲೆನ್ಸರ್, ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್. ಪೆಟ್ರೋಲಿಗೆ ಆಯಿಲ್ ನಾವೇ ಬೆರೆಸಬೇಕು, ತಾತನ ಲೆಕ್ಕ ಲೀಟರಿಗೆ 40 ಮಿ.ಲೀ.

ಈ ಪಾಠಕ್ಕೆ ಬೇಕಾದ ಇಸವಿ 1996. ಕಾರ್ಖಾನೆ ಮುಚ್ಚಿದ ಮೇಲೂ ಬೈಕುಗಳು ಓಡುತ್ತಲೇ ಇದ್ದವು. ಊರಿಂದ ದೂರ ಇದ್ದವರಿಗೆ ಒಂದು ಚಿಕ್ಕ ಪಿನ್ನು ಬೇಕಾದರೂ ಪೇಟೆಗೆ ಹೋಗಿ ಹುಡುಕಬೇಕು. ಕೆಟ್ಟಿದ್ದು ಇವತ್ತು, ಪಾರ್ಟು ಸಿಗೋದು ಮುಂದಿನ ವಾರ, ಹೊಲಕ್ಕೆ ಹೋಗಬೇಕಾಗಿರೋದು ನಾಳೆ ಬೆಳಿಗ್ಗೆ. ಈ ಮೂರರ ನಡುವೆ ಹುಟ್ಟೋದೇ ತೇಪೆ. ಹಿಂದಿಯಲ್ಲಿ ಜುಗಾಡ್ ಅಂತಾರೆ. ತಾತ "ಅಡ್ಜಸ್ಟ್‌ಮೆಂಟು" ಅಂತಾರೆ. ನಾವು ತೇಪೆ ಅಂತಲೇ ಕರೀತೀವಿ, ಯಾಕಂದ್ರೆ ಬಟ್ಟೆಗೆ ಹಾಕಿದ ತೇಪೆ ಥರಾನೇ ಇದು ಮೂಲ ಬಟ್ಟೆ ಅಲ್ಲ ಅಂತ ಕಣ್ಣಿಗೆ ಕಾಣಿಸುತ್ತೆ. ಕಾಣಿಸಬೇಕು ಕೂಡ. ಕಾಣಿಸದ ತೇಪೆಯೇ ನಮ್ಮ ಕೈ ಮುರಿದಿದ್ದು.

ಬಿಚ್ಚೋಕೆ ಶುರು ಮಾಡಿದಾಗ ನಮ್ಮ ಯೋಜನೆ ಸರಳವಾಗಿತ್ತು: ತೇಪೆ ಕಂಡಲ್ಲೆಲ್ಲ ಕಿತ್ತು ಬಿಸಾಕೋದು, ಒರಿಜಿನಲ್ ಹಾಕೋದು. ಅಷ್ಟೂ ತೇಪೆಗಳನ್ನ ಯಾರೋ ಬುದ್ಧಿಯಿಲ್ಲದ ಮೆಕ್ಯಾನಿಕ್ ಮಾಡಿದ್ದು ಅನ್ನೋದು ನಮ್ಮ ತೀರ್ಮಾನ. ಎರಡನೇ ವರ್ಷದ ಮೆಕ್ಯಾನಿಕಲ್ ವಿದ್ಯಾರ್ಥಿಗಳ ಅಹಂಕಾರ ಅಂದ್ಕೊಳ್ಳಿ.

ಸೋಪಿನ ಕೆಮಿಸ್ಟ್ರಿ

ಮೊದಲು ಸಿಕ್ಕಿದ್ದು ಟ್ಯಾಂಕಿನ ಅಡಿಯಲ್ಲಿ, ಪೇಂಟಿನ ಬಣ್ಣಕ್ಕೆ ಹೊಂದದ ಹಳದಿ ಉಂಡೆ. ಎಂ-ಸೀಲ್ ಅಂದುಕೊಂಡು ಉಗುರಲ್ಲಿ ಕೆರೆದರೆ ಪರಿಚಯದ ವಾಸನೆ. ಬಟ್ಟೆ ಒಗೆಯೋ ಬಾರ್ ಸೋಪು! ತುಕ್ಕಿನಿಂದ ಆದ ಸೂಜಿಮೊನೆಯಷ್ಟು ತೂತಿಗೆ ಸೋಪನ್ನು ಒತ್ತಿ ತುಂಬಿದ್ದರು. ನಾವು ನಕ್ಕಿದ್ದೇ ನಕ್ಕಿದ್ದು. ಆಮೇಲೆ ಫಸ್ಟ್ ಇಯರ್ ಕೆಮಿಸ್ಟ್ರಿ ನೆನಪು ಮಾಡಿಕೊಂಡು ನಗು ನಿಲ್ಲಿಸಿದ್ವಿ.

ಸೋಪು ಅಂದರೆ ಕೊಬ್ಬಿನ ಆಮ್ಲದ ಸೋಡಿಯಂ ಲವಣ. ಅದರ ಅಣುವಿನ ತಲೆ ಅಯಾನಿಕ್, ಬಾಲ ಹೈಡ್ರೋಕಾರ್ಬನ್. ಪೆಟ್ರೋಲು ಪೂರ್ತಿ ನಾನ್-ಪೋಲಾರ್ ದ್ರವ. ಘನ ಸೋಪಿನಲ್ಲಿ ಅಯಾನಿಕ್ ತಲೆಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ, ಪೆಟ್ರೋಲಿಗೆ ಆ ಹಿಡಿತ ಬಿಡಿಸೋ ಶಕ್ತಿ ಇಲ್ಲ. ಹಾಗಾಗಿ ಸೋಪು ಪೆಟ್ರೋಲಿನಲ್ಲಿ ಕರಗಲ್ಲ. ಅದೇ ಜಾಗಕ್ಕೆ ಮೇಣವನ್ನೋ ಸಾದಾ ಗಮ್ಮನ್ನೋ ಹಚ್ಚಿದ್ದರೆ ಬೇಗ ಬಿಟ್ಟುಕೊಳ್ತಿತ್ತು. ಮತ್ತೆ ಸೋಪು ಮೆತ್ತಗಿರುತ್ತೆ, ತೂತಿನ ಆಕಾರಕ್ಕೆ ಕೂರುತ್ತೆ, ಎಲ್ಲ ಮನೆಯಲ್ಲೂ ಸಿಗುತ್ತೆ, ಹಚ್ಚೋಕೆ ಟ್ಯಾಂಕ್ ಖಾಲಿ ಮಾಡಬೇಕಾಗಿಲ್ಲ. ರಸ್ತೆ ಬದಿಯ ತೇಪೆಗೆ ಇದಕ್ಕಿಂತ ಒಳ್ಳೆ ಮೆಟೀರಿಯಲ್ ಸೆಲೆಕ್ಷನ್ ನಮ್ಮಿಂದ ಆಗ್ತಿರಲಿಲ್ಲ.

ಆದರೆ ಈ ತೇಪೆಯ ಕಾಲ ಮುಗಿದಿದೆ. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಬಿಡುಗಡೆಯಾದ ಇ20 ಪೆಟ್ರೋಲಿನಲ್ಲಿ 20% ಎಥನಾಲ್ ಇದೆ. ಎಥನಾಲ್ ಪೋಲಾರ್ ದ್ರವ, ಸೋಪನ್ನು ಕರಗಿಸುತ್ತೆ. ಆರಪಾರ ಕಾಣೋ ಸ್ನಾನದ ಸೋಪು ಮಾಡೋ ಹಳೇ ವಿಧಾನವೇ ಸೋಪನ್ನು ಎಥನಾಲ್‌ನಲ್ಲಿ ಕರಗಿಸೋದು. ನಾವು ಬಂಕಿನಿಂದ ತಂದ ಪೆಟ್ರೋಲ್ ತುಂಬಿಸಿದ ಮೂರನೇ ದಿನಕ್ಕೆ ಟ್ಯಾಂಕಿನ ಕೆಳಗೆ ಒದ್ದೆ ಕಲೆ ಕಾಣಿಸಿತು. ಟೆಂಪೋದ ಕುಲುಕಾಟದ ಪಾಲೂ ಇದ್ದಿರಬಹುದು. ಹೇಗೂ ಎಥನಾಲ್ ತೇವ ಎಳೆದುಕೊಳ್ಳುತ್ತೆ, ತೇವ ಇದ್ದಲ್ಲಿ ತುಕ್ಕು, ತುಕ್ಕು ಇದ್ದಲ್ಲಿ ಇನ್ನೊಂದು ತೂತು. ಹಳೇ ಬೈಕಿನ ರಬ್ಬರ್ ಪೈಪು, ಪೆಟ್ರೋಲ್ ಕಾಕ್‌ನ ವಾಷರು ಇವೂ ಎಥನಾಲ್‌ಗೆ ಅಂತ ಮಾಡಿದ್ದಲ್ಲ. ಅವನ್ನೂ ಬದಲಾಯಿಸಿದ್ವಿ.

ಟ್ಯಾಂಕನ್ನ ರೇಡಿಯೇಟರ್ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕಿಸಿದ್ವಿ. ಇಲ್ಲೊಂದು ಮಾತು ದಪ್ಪ ಅಕ್ಷರದಲ್ಲಿ ಬರೆದಿದೆ ಅಂತ ಓದಿಕೊಳ್ಳಿ: ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ. ತುಂಬಿದ್ದರಲ್ಲಿ ದ್ರವ ಇರುತ್ತೆ, ಖಾಲಿಯಾಗಿದ್ದರಲ್ಲಿ ಆವಿ ಮತ್ತು ಗಾಳಿ ಎರಡೂ ಇರುತ್ತೆ. ಅಂಗಡಿಯವರು ತೊಳೆದು, ಒಳಗೆ ನೀರು ತುಂಬಿ, ತೂತಿನ ಹತ್ತಿರ ಮಾತ್ರ ಸ್ವಲ್ಪ ಜಾಗ ಬಿಟ್ಟು ಕೆಲಸ ಮಾಡಿದರು. ಇದನ್ನ ಹಾಸ್ಟೆಲ್ಲಿನಲ್ಲಿ ಟ್ರೈ ಮಾಡಬೇಡಿ.

ಲಗ್ನಪತ್ರಿಕೆ

ಕ್ಲಚ್ ಕವರ್ ಬಿಚ್ಚಿದಾಗ ಒಳಗೆ ಗ್ಯಾಸ್ಕೆಟ್ ಬದಲು ದಪ್ಪ ಕಾಗದ. ಎಣ್ಣೆ ಕುಡಿದು ಕಂದು ಬಣ್ಣಕ್ಕೆ ತಿರುಗಿತ್ತು. ಹುಷಾರಾಗಿ ಬಿಡಿಸಿ ಬೆಳಕಿಗೆ ಹಿಡಿದರೆ ಅಕ್ಷರ! "...ಬಂಧುಮಿತ್ರರೊಡನೆ ಆಗಮಿಸಿ..." ಒಂದು ಮೂಲೆಯಲ್ಲಿ ಅರಿಶಿನದ ಗುರುತು. ಯಾರದೋ ಲಗ್ನಪತ್ರಿಕೆ. ಇಸವಿ ಇದ್ದ ತುಂಡೂ ಸಿಕ್ಕಿತು, 1991. ಅಂದರೆ ಈ ಕವರ್ ಕೊನೇ ಸಲ ಬಿಚ್ಚಿದ್ದು 1991ರಲ್ಲಿ ಅಥವಾ ಅದಾದ ಮೇಲೆ. ಆರ್ಕಿಯಾಲಜಿಯವರು ನಾಣ್ಯ ನೋಡಿ ಕಾಲ ಹೇಳ್ತಾರಲ್ಲ, ಹಾಗೆ.

ಮಾಡೋ ವಿಧಾನ ನೋಡಿದರೆ ಖುಷಿಯಾಗುತ್ತೆ. ಕಾರ್ಡನ್ನು ಕವರಿನ ಅಂಚಿನ ಮೇಲೆ ಇಟ್ಟು, ಗುಂಡು ತಲೆಯ ಸುತ್ತಿಗೆಯಿಂದ ಮೆಲ್ಲಗೆ ಅಂಚಿನುದ್ದಕ್ಕೂ ತಟ್ಟುತ್ತಾ ಹೋಗೋದು. ಲೋಹದ ಅಂಚೇ ಕತ್ತರಿ. ಅಳತೆ ಬೇಡ, ಪೆನ್ಸಿಲ್ ಬೇಡ, ಬೋಲ್ಟಿನ ತೂತು ಕೂಡ ಅದರಷ್ಟಕ್ಕೆ ಕತ್ತರಿಸಿಕೊಂಡು ಬರುತ್ತೆ. ಹೊಡೆದರೆ ಅಲ್ಯೂಮಿನಿಯಂ ಅಂಚು ಜಜ್ಜಿಹೋಗುತ್ತೆ, ತಟ್ಟಬೇಕು. ನಮ್ಮಲ್ಲಿ ಮೊದಲ ಮೂರು ಗ್ಯಾಸ್ಕೆಟ್ ಹಾಳಾದವು.

ಕಾಗದ ಯಾಕೆ ಕೆಲಸ ಮಾಡುತ್ತೆ? ಎರಡು ಲೋಹದ ಮುಖಗಳು ಎಷ್ಟೇ ನುಣುಪಾಗಿ ಕಂಡರೂ ಅವುಗಳಲ್ಲಿ ಏರುತಗ್ಗು ಇದ್ದೇ ಇರುತ್ತೆ, ಮುಟ್ಟೋದು ಏರುಗಳು ಮಾತ್ರ. ಕಾಗದದ ನಾರು ಬೋಲ್ಟಿನ ಒತ್ತಡಕ್ಕೆ ಆ ತಗ್ಗುಗಳಿಗೆ ಇಳಿಯುತ್ತೆ, ಎಣ್ಣೆ ಕುಡಿದು ಅಲ್ಲೇ ಗಟ್ಟಿಯಾಗಿ ಕೂರುತ್ತೆ. ಕ್ಲಚ್ ಕವರ್ ಒಳಗೆ ಒತ್ತಡವೂ ಹೆಚ್ಚಿಲ್ಲ, ಬಿಸಿಯೂ ಸಾಧಾರಣ. ಸಾಕು. ಇದೇ ಕಾಗದವನ್ನ ಸಿಲಿಂಡರ್ ಹೆಡ್ ಕೆಳಗೆ ಹಾಕಿದರೆ ಸ್ವಲ್ಪ ಹೊತ್ತಲ್ಲೇ ಸುಟ್ಟು ಬೂದಿ. ಒಂದೇ ವಸ್ತು ಒಂದು ಜಾಗದಲ್ಲಿ ಸರಿ, ನಾಲ್ಕು ಇಂಚು ಆಚೆ ತಪ್ಪು.

ಫ್ಯೂಸ್ ಮತ್ತು ಒಂದು ಹಸಿರು ವೈರು

ಕರೆಂಟಿನ ಕಡೆ ಎರಡು ತೇಪೆ ಸಿಕ್ಕವು. ಒಂದು ಕೆಟ್ಟದ್ದು, ಒಂದು ಒಳ್ಳೆಯದು. ನಮಗೆ ಮೊದಲಿಗೆ ಎರಡೂ ಒಂದೇ ಥರ ಕಂಡಿದ್ದವು.

ಕೆಟ್ಟದ್ದು: ಸುಟ್ಟುಹೋದ ಗಾಜಿನ ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಮತ್ತೆ ಸಿಕ್ಕಿಸಿದ್ದರು. ಫ್ಯೂಸ್‌ನ ಕೆಲಸವೇ ಸಾಯೋದು. ವೈರಿಂಗ್‌ಗಿಂತ ಮುಂಚೆ ತಾನು ಸತ್ತು ಉಳಿದದ್ದನ್ನ ಉಳಿಸೋದು. ನಾಲ್ಕು ಸುತ್ತು ಫಾಯಿಲ್ ಸಾಯಲ್ಲ. ಆಗ ಸಾಯೋದು ಸೀಟಿನ ಕೆಳಗೆ, ಟ್ಯಾಂಕಿನ ಪಕ್ಕದಲ್ಲಿ ಹೋಗೋ ವೈರು. ರಸ್ತೆಯಲ್ಲಿ ಫ್ಯೂಸ್ ಸಿಗದೇ ಇದ್ದರೆ ಇದಕ್ಕಿಂತ ಒಳ್ಳೆ ದಾರಿ ಇದೆ, ತಾಮ್ರದ ವೈರಿನ ಒಂದೇ ಎಳೆ. 19ನೇ ಶತಮಾನದಲ್ಲಿ ವಿಲಿಯಂ ಪ್ರೀಸ್ ಅನ್ನೋ ಬ್ರಿಟಿಷ್ ಎಂಜಿನಿಯರ್ ಕೊಟ್ಟ ಸೂತ್ರ ಇವತ್ತಿಗೂ ಉಪಯೋಗಕ್ಕೆ ಬರುತ್ತೆ: ತಾಮ್ರದ ಎಳೆ ಕರಗೋ ಕರೆಂಟು ಅಂದಾಜು 80 ಗುಣಿಸು ವ್ಯಾಸದ 1.5ನೇ ಘಾತ, ವ್ಯಾಸ ಮಿ.ಮೀ.ನಲ್ಲಿ. 0.2 ಮಿ.ಮೀ. ಎಳೆಗೆ ಸುಮಾರು 7 ಆಂಪ್. 0.3 ಮಿ.ಮೀ.ಗೆ ಸುಮಾರು 13 ಆಂಪ್. ಕ್ಯಾಲ್ಕುಲೇಟರ್‌ನಲ್ಲಿ ಮಾಡಿ ನೋಡಿ. ಮೊಬೈಲ್ ಚಾರ್ಜರ್ ವೈರಿನ ಎಳೆ ಎಷ್ಟು ದಪ್ಪ ಅಂತ ಮೈಕ್ರೋಮೀಟರ್ ಹಿಡಿದು ಅಳೆಯೋದೂ ಒಳ್ಳೆ ಟೈಮ್‌ಪಾಸ್. ಇದು ಕೂಡ ಫ್ಯೂಸ್ ಕೊಳ್ಳೋವರೆಗೆ ಮಾತ್ರ.

ಒಳ್ಳೆಯದು: ಹೆಡ್‌ಲೈಟಿನ ಬಾಡಿಯಿಂದ ಎಂಜಿನ್ ಬೋಲ್ಟಿನವರೆಗೆ ಯಾರೋ ಎಳೆದಿದ್ದ ಹಸಿರು ವೈರು. ಕಂಪನಿಯ ಡಯಾಗ್ರಾಮ್‌ನಲ್ಲಿ ಇಲ್ಲ. ನಾವು ಕಿತ್ತು ಹಾಕಿದ್ವಿ. ಅವತ್ತು ಸಂಜೆ ಹೆಡ್‌ಲೈಟ್ ಹಾಕಿದರೆ ದೀಪಾವಳಿ ಹಣತೆ ಥರ ಮಿಣುಕು. ಲೆಕ್ಕ ಮಾಡೋಕೆ ಕೂತ್ವಿ. ಈ ಬೈಕಿನದು 6 ವೋಲ್ಟ್. 35 ವ್ಯಾಟ್ ಬಲ್ಬಿಗೆ ಸುಮಾರು 5.8 ಆಂಪ್ ಬೇಕು. 12 ವೋಲ್ಟ್ ಬೈಕಿಗಾದರೆ ಅದರ ಅರ್ಧ. ಬಲ್ಬಿನ ರೆಸಿಸ್ಟೆನ್ಸ್ ಸುಮಾರು 1 ಓಮ್. ಮೂಲ ಡಿಸೈನ್‌ನಲ್ಲಿ ಕರೆಂಟು ಚಾಸಿಸ್ ಮೂಲಕ ವಾಪಸ್ ಬರುತ್ತೆ, ಅಂದರೆ ಹ್ಯಾಂಡಲ್‌ನ ಬಾಲ್ ಬೇರಿಂಗು, ತುಕ್ಕು ಹಿಡಿದ ಬೋಲ್ಟು, ಅದರ ಮೇಲಿನ ಪೇಂಟು ಎಲ್ಲವನ್ನೂ ದಾಟಿ. ಆ ದಾರಿಯಲ್ಲಿ ಬರೀ 0.2 ಓಮ್ ಸೇರಿಕೊಂಡರೆ ಬಲ್ಬಿಗೆ ಸಿಗೋದು 5 ವೋಲ್ಟ್. ಆರರಲ್ಲಿ ಒಂದು ತಾನೇ ಅನ್ನಬೇಡಿ. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತದ ಲೆಕ್ಕದಲ್ಲಿ ಬೀಳುತ್ತೆ, ಅಂದರೆ ಉಳಿಯೋದು ಸುಮಾರು 54%. ಆ ಹಸಿರು ವೈರು ಹಾಕಿದ ಪುಣ್ಯಾತ್ಮನಿಗೆ 3.4 ಗೊತ್ತಿತ್ತೋ ಇಲ್ಲವೋ, ಕಾಯಿಲೆ ಎಲ್ಲಿದೆ ಅಂತ ಗೊತ್ತಿತ್ತು. ಬಾಯಿ ಮುಚ್ಚಿಕೊಂಡು ಮತ್ತೆ ಹಾಕಿದ್ವಿ. ಈಗಲೂ ಇದೆ.

ಕ್ಲಚ್ ಕೇಬಲ್ಲಿನದು ಚಿಕ್ಕ ಕತೆ. ತುದಿಯ ಸೀಸದ ಗುಂಡು ಕಿತ್ತುಹೋಗಿ, ಅದರ ಬದಲು ಮನೆಯ ವೈರಿಂಗ್‌ಗೆ ಬಳಸೋ ಹಿತ್ತಾಳೆ ಸ್ಕ್ರೂ ಕನೆಕ್ಟರಿನ ಒಳಭಾಗ ಸಿಕ್ಕಿಸಿದ್ದರು. ಕೆಲಸ ಮಾಡುತ್ತೆ, ಆದರೆ ಸ್ಕ್ರೂ ಬಿಗಿಯೋ ಜಾಗದಲ್ಲಿ ಎಳೆಗಳು ಒಂದೊಂದಾಗಿ ಕತ್ತರಿಸುತ್ತವೆ. ಈ ಬೈಕಿನಲ್ಲಿ ಕ್ಲಚ್ ಕೇಬಲ್ ಕಿತ್ತರೂ ಮನೆಗೆ ಬರಬಹುದು. ಗೇರ್ ಲಿವರ್ ತುಳಿದಾಗ ಅದೇ ಚಲನೆ ಒಳಗಿಂದ ಕ್ಲಚ್ಚನ್ನೂ ಎತ್ತುವ ಹಾಗೆ ಜೆಕ್ ಎಂಜಿನಿಯರ್‌ಗಳು ಮಾಡಿದ್ದಾರೆ. ತಾತ ಇದನ್ನ ಹೇಳಿದಾಗ ನಾವು ನಂಬಿರಲಿಲ್ಲ, ಕೇಬಲ್ ಬಿಚ್ಚಿಟ್ಟು ಓಡಿಸಿ ನೋಡಿದ ಮೇಲೆ ನಂಬಿದ್ವಿ.

ನಾವು ಮಾಡಿದ ಮೊದಲ ದೊಡ್ಡ ತಪ್ಪು

ಸಿಲಿಂಡರ್ ಹೆಡ್ ಕೆಳಗೆ ಎರಡು ಗ್ಯಾಸ್ಕೆಟ್ ಇದ್ದವು, ಒಂದರ ಮೇಲೊಂದು. ಪುಸ್ತಕದಲ್ಲಿ ಒಂದೇ. "ಇದ್ಯಾವನೋ ಲೀಕ್ ಆಗ್ತಿದೆ ಅಂತ ಡಬಲ್ ಹಾಕಿದ್ದಾನೆ" ಅಂತ ಒಂದನ್ನ ತೆಗೆದು, ಹೊಸದೊಂದು ಹಾಕಿ ಬಿಗಿದ್ವಿ. ಕಿಕ್ ಹೊಡೆದರೆ ಸ್ಟಾರ್ಟ್ ಆಯಿತು, ಆದರೆ ಒಳಗಿಂದ ಟಕ್ ಟಕ್ ಟಕ್. ಹತ್ತು ಸೆಕೆಂಡಿನಲ್ಲಿ ಆಫ್ ಮಾಡಿದ್ವಿ. ಆಫ್ ಮಾಡಿದ್ದೇ ನಮ್ಮ ಅದೃಷ್ಟ.

ವರ್ಕ್‌ಶಾಪಿನ ಮೇಷ್ಟ್ರು (ಹೆಸರು ಹಾಕಬೇಡಿ ಅಂದಿದ್ದಾರೆ) ಒಂದು ತುಂಡು ಬೆಸುಗೆ ತಂತಿ ಕೊಟ್ಟರು. ಸೀಸ-ತವರದ ಮೆತ್ತನೆ ತಂತಿ. ಪ್ಲಗ್ ಬಿಚ್ಚಿ, ಆ ತೂತಿನಿಂದ ತಂತಿಯನ್ನು ಸಿಲಿಂಡರ್ ಗೋಡೆ ಮುಟ್ಟುವಷ್ಟು ಒಳಗೆ ಬಿಟ್ಟು, ಕೈಯಿಂದ ಎಂಜಿನ್ನನ್ನು ಒಂದು ಸುತ್ತು ನಿಧಾನಕ್ಕೆ ತಿರುಗಿಸಬೇಕು. ಪಿಸ್ಟನ್ ಮೇಲೆ ಬಂದಾಗ ತಂತಿ ಚಪ್ಪಟೆಯಾಗುತ್ತೆ. ಹೊರಗೆ ತೆಗೆದು ಆ ಚಪ್ಪಟೆಯ ದಪ್ಪ ಅಳೆದರೆ ಅದೇ ಪಿಸ್ಟನ್ನಿಗೂ ಹೆಡ್ಡಿಗೂ ಇರೋ ಅಂತರ. ನಮಗೆ ಬಂದಿದ್ದು 0.3 ಮಿ.ಮೀ. ನಿಂತಾಗ 0.3. ಓಡುವಾಗ ಕನೆಕ್ಟಿಂಗ್ ರಾಡ್ ಸ್ವಲ್ಪ ಎಳೆದುಕೊಳ್ಳುತ್ತೆ, ಹಳೇ ಬೇರಿಂಗಿನಲ್ಲಿ ಆಟ ಇರುತ್ತೆ, ಪಿಸ್ಟನ್ ಮೇಲೆ ಕಾರ್ಬನ್ ಇರುತ್ತೆ. 0.3 ಎಲ್ಲಿ ಸಾಲುತ್ತೆ?

ಹಾಗಾದರೆ ಮೊದಲು ಹೇಗಿತ್ತು? ಬ್ಯಾರೆಲ್‌ನ ಮೇಲ್ಮುಖವನ್ನು ಸರಿಯಾಗಿ ನೋಡಿದಾಗ ಲೇತ್ ಟೂಲಿನ ತೆಳ್ಳನೆಯ ವೃತ್ತಗಳು ಕಾಣಿಸಿದವು. ಯಾವಾಗಲೋ ಎಂಜಿನ್ ಕಾದು ಮುಖ ಸೊಟ್ಟಗಾಗಿ, ಅದನ್ನ ಲೇತ್‌ನಲ್ಲಿ ಕೆತ್ತಿ ಸಮ ಮಾಡಿದ್ದಾರೆ. ಕೆತ್ತಿದಷ್ಟು ಎತ್ತರ ಕಡಿಮೆಯಾಯಿತಲ್ಲ, ಅದನ್ನ ತುಂಬೋಕೆ ಎರಡನೇ ಗ್ಯಾಸ್ಕೆಟ್! ಲೀಕ್‌ಗೆ ಹಾಕಿದ್ದಲ್ಲ, ಅಳತೆ ಹಾಕಿ ಹಾಕಿದ್ದು. ಅದನ್ನ ವಾಪಸ್ ಸೇರಿಸಿ ತಂತಿ ಬಿಟ್ಟಾಗ 1.3 ಮಿ.ಮೀ. ಬಂತು.

ಕಂಪ್ರೆಷನ್ ಲೆಕ್ಕವೂ ಇಲ್ಲೇ ಮಾಡಿಬಿಡೋಣ, ಥರ್ಮೋ ಪರೀಕ್ಷೆಗೂ ಆಗುತ್ತೆ. ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ಪಿಸ್ಟನ್ ಮುಖದ ವಿಸ್ತೀರ್ಣ ಸುಮಾರು 33.2 ಚ.ಸೆಂ.ಮೀ., ಸ್ವೆಪ್ಟ್ ವಾಲ್ಯೂಮ್ ಸುಮಾರು 249 ಸಿಸಿ. ಕಂಪ್ರೆಷನ್ ರೇಶಿಯೋ 7 ಅಂತ ಇಟ್ಟುಕೊಂಡರೆ ಮೇಲೆ ಉಳಿಯೋ ಜಾಗ 249 ಭಾಗಿಸು 6, ಅಂದರೆ 41.5 ಸಿಸಿ. 1 ಮಿ.ಮೀ. ಗ್ಯಾಸ್ಕೆಟ್ ತೆಗೆದರೆ 3.3 ಸಿಸಿ ಕಡಿಮೆಯಾಗಿ 38.2 ಸಿಸಿ. ರೇಶಿಯೋ 7ರಿಂದ 7.5ಕ್ಕೆ. ಪವರ್ ಜಾಸ್ತಿ ಆಗುತ್ತಲ್ಲ ಅಂತ ನಮ್ಮಲ್ಲೊಬ್ಬ ಹೇಳಿದ. ಪಿಸ್ಟನ್ ಹೆಡ್ಡಿಗೆ ಮುಟ್ಟದೇ ಇದ್ದಿದ್ದರೆ ಆಗ್ತಿತ್ತಪ್ಪ.

ಇದಾದ ಮೇಲೆ ನಮ್ಮ ನಿಯಮ ಬದಲಾಯಿತು. ತೇಪೆ ಕಂಡರೆ ಮೊದಲು ಫೋಟೋ, ಆಮೇಲೆ ಅಳತೆ, ಆಮೇಲೆ ತಾತನಿಗೆ ಫೋನು. ಕೊನೆಗೆ ಸ್ಪ್ಯಾನರು. ನಮ್ಮ ರೆಕಾರ್ಡ್ ಪುಸ್ತಕದಲ್ಲಿ ಇಂಥ 23 ತೇಪೆ ಬರೆದಿದ್ದೀವಿ. ಟೈರಿನ ತುಂಡಿನಿಂದ ಕತ್ತರಿಸಿದ ಹಿಂದಿನ ಸ್ಪ್ರಾಕೆಟ್ ರಬ್ಬರು, ಬ್ಯಾಟರಿ ಕಟ್ಟಿದ್ದ ಸೈಕಲ್ ಟ್ಯೂಬು, ಹೀಗೆ. ಆದರೆ 24ನೆಯದನ್ನ ಬರೆದಿರಲಿಲ್ಲ. ಯಾಕಂದ್ರೆ ನೋಡೇ ಇರಲಿಲ್ಲ.

ಮೊಳೆ

ಹಿಂದಿನ ಬ್ರೇಕ್ ಪೆಡಲಿನಿಂದ ಡ್ರಮ್ಮಿನವರೆಗೆ ಒಂದು ಕಬ್ಬಿಣದ ರಾಡು ಹೋಗುತ್ತೆ. ಪೆಡಲಿನ ಲಿವರಿಗೆ ರಾಡು ಸೇರೋ ಕಡೆ ಒಂದು ಪಿನ್ನು, ಸುಮಾರು 6 ಮಿ.ಮೀ. ದಪ್ಪ. ಆ ಜಾಗದಲ್ಲಿ ಗ್ರೀಸು, ಮಣ್ಣು ಸೇರಿ ಉಂಡೆ ಕಟ್ಟಿತ್ತು. ಪೆಡಲ್ ಒತ್ತಿದರೆ ಚಕ್ರ ನಿಲ್ಲುತ್ತಿತ್ತು. "ಬ್ರೇಕ್ ಓಕೆ" ಅಂತ ಟಿಕ್ ಹಾಕಿದ್ವಿ. ಮೂರು ವಾರ ಕ್ಯಾಂಪಸ್ಸಿನಲ್ಲಿ ಓಡಿಸಿದ್ವಿ, ಎಷ್ಟೋ ಜನರನ್ನ ಹಿಂದೆ ಕೂರಿಸಿಕೊಂಡು ರೌಂಡು ಹೊಡೆದ್ವಿ. ಇದನ್ನ ಓದ್ತಾ ಇರೋರಲ್ಲೂ ಕೆಲವರು ಕೂತಿದ್ದೀರಿ.

ಅವತ್ತು ಇಳಿಜಾರಿನಲ್ಲಿ ನಾಯಿ ಅಡ್ಡ ಬಂತು. ಗೆಳೆಯ ಜೋರಾಗಿ ಪೆಡಲ್ ತುಳಿದ. ಟಿಂಗ್ ಅಂತ ಸದ್ದು, ಪೆಡಲು ಫುಟ್‌ರೆಸ್ಟ್‌ಗಿಂತ ಕೆಳಗೆ ಇಳಿದುಹೋಯಿತು. ಮುಂದಿನ ಬ್ರೇಕು ಹೆಸರಿಗೆ ಮಾತ್ರ. ಟೂ-ಸ್ಟ್ರೋಕ್ ಆದ್ದರಿಂದ ಥ್ರಾಟಲ್ ಬಿಟ್ಟರೂ ಎಂಜಿನ್ ಬ್ರೇಕಿಂಗ್ ಕಡಿಮೆ. ನಾಯಿಯನ್ನ ತಪ್ಪಿಸಿ ಬೇಲಿ ಆರಿಸಿಕೊಂಡ. ಹಿಂದೆ ಯಾರೂ ಕೂತಿರಲಿಲ್ಲ.

ರಸ್ತೆಯಲ್ಲಿ ಹುಡುಕಿದಾಗ ಸಿಕ್ಕಿದ್ದು ಮೊಳೆಯ ತುಂಡು. ತಲೆ ಇರೋ ಕಡೆ 3 ಮಿ.ಮೀ., ಮುರಿದ ಜಾಗದಲ್ಲಿ ಸವೆದು ಸುಮಾರು 1.5 ಮಿ.ಮೀ.

ಇದರ ಲೆಕ್ಕವೇ ಈ ಲೇಖನದಲ್ಲಿ ನಾವು ಎಲ್ಲಕ್ಕಿಂತ ಹೆಚ್ಚು ಸಲ ಮಾಡಿದ ಲೆಕ್ಕ. ಸಾಮಾನ್ಯ ಬ್ರೇಕಿಗೆ ಕಾಲಿನ ಬಲ 300 ನ್ಯೂಟನ್ ಅಂದುಕೊಳ್ಳಿ. ಪೆಡಲಿನ ಲಿವರ್ ಅನುಪಾತ 4 ಅಂದರೆ ರಾಡಿನಲ್ಲಿ 1200 ನ್ಯೂಟನ್. ಪಿನ್ನು ಎರಡು ಕಡೆ ಕತ್ತರಿಸಬೇಕು, ಡಬಲ್ ಶಿಯರ್. 3 ಮಿ.ಮೀ. ಮೊಳೆಯ ವಿಸ್ತೀರ್ಣ 7.07, ಎರಡರಷ್ಟು 14.1 ಚ.ಮಿ.ಮೀ. ಸ್ಟ್ರೆಸ್ಸು 85 ಮೆಗಾಪಾಸ್ಕಲ್. ಸಾದಾ ಉಕ್ಕಿಗೆ ಇದು ಏನೂ ಅಲ್ಲ. ಪರೀಕ್ಷೆಯಲ್ಲಿ ಕೇಳಿದ್ದರೆ "ಡಿಸೈನ್ ಈಸ್ ಸೇಫ್" ಅಂತ ಬರೆದು ಡಬ್ಬಿ ಹಾಕಿ ಪೂರ್ತಿ ಮಾರ್ಕ್ಸ್ ತಗೋತಿದ್ವಿ.

ತಪ್ಪಾಗಿದ್ದು ಎಲ್ಲಿ ಅಂದರೆ, ಮೊಳೆ ಹೊಸದಾಗಿ ಉಳಿಯಲಿಲ್ಲ. 6 ಮಿ.ಮೀ. ತೂತಿನಲ್ಲಿ 3 ಮಿ.ಮೀ. ಮೊಳೆ ಅಲ್ಲಾಡುತ್ತೆ. ಮುಟ್ಟೋದು ಒಂದು ಗೆರೆಯಷ್ಟು ಜಾಗದಲ್ಲಿ, ಆದ್ದರಿಂದ ಪ್ರತಿ ಬ್ರೇಕಿಗೂ ಸ್ವಲ್ಪ ಸ್ವಲ್ಪ ಸವೆಯುತ್ತೆ. 1.5 ಮಿ.ಮೀ.ಗೆ ಬಂದಾಗ ವಿಸ್ತೀರ್ಣ ಅರ್ಧ ಅಲ್ಲ, ಕಾಲು ಭಾಗ. ಅದೇ 1200 ನ್ಯೂಟನ್‌ಗೆ ಈಗ 340 ಮೆಗಾಪಾಸ್ಕಲ್. ಗಾಬರಿಯಲ್ಲಿ ತುಳಿದಾಗ ಕಾಲಿನ ಬಲ ಎರಡರಷ್ಟು. ಅಲ್ಲಿಗೆ ಮುಗೀತು. ಇನ್ನೊಂದು ವಿಷಯ, ಸಡಿಲ ತೂತಿನಲ್ಲಿ ಪಿನ್ನಿಗೆ ಬರೀ ಶಿಯರ್ ಅಲ್ಲ, ಬಾಗೋ ಬಲವೂ ಬೀಳುತ್ತೆ. ಅದು ನಮ್ಮ ಸೂತ್ರದಲ್ಲಿ ಇರಲೇ ಇಲ್ಲ. ಮೆತ್ತನೆ ಬ್ರೇಕಿಗೆ ಎಲ್ಲ ಸರಿಯಾಗಿ ಕಾಣುತ್ತೆ, ಯಾವತ್ತು ನಿಜವಾಗಿ ಬೇಕೋ ಅವತ್ತೇ ಮುರಿಯುತ್ತೆ. ಟ್ಯಾಂಕಿನ ಸೋಪು ಸೋತರೆ ವಾಸನೆ ಬರುತ್ತೆ, ಕಾರ್ಡಿನ ಗ್ಯಾಸ್ಕೆಟ್ ಸೋತರೆ ನೆಲದ ಮೇಲೆ ಎಣ್ಣೆ ಕಾಣುತ್ತೆ. ಮೊಳೆ ಏನೂ ಹೇಳಲ್ಲ.

ತಾತನಿಗೆ ಹೇಳೋದೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದ್ವಿ. ಕೈಗೆ ಪ್ಲಾಸ್ಟರ್ ಇತ್ತಲ್ಲ, ಮುಚ್ಚಿಡೋಕಾಗಲಿಲ್ಲ. ಭಾನುವಾರ ಮನೆಗೆ ಹೋಗಿ, ಮೊಳೆಯ ತುಂಡನ್ನ ಅವರ ಮುಂದೆ ಟೀಪಾಯಿ ಮೇಲೆ ಇಟ್ಟು, "ಯಾವ ಮೆಕ್ಯಾನಿಕ್ ತಾತ ಇದನ್ನ ಹಾಕಿದ್ದು?" ಅಂತ ಕೇಳಿದ್ವಿ. ಕೋಪದಲ್ಲೇ ಕೇಳಿದ್ವಿ.

ತಾತ ಕನ್ನಡಕ ಹಾಕಿಕೊಂಡು ಅದನ್ನ ತಿರುಗಿಸಿ ತಿರುಗಿಸಿ ನೋಡಿದರು. ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾನೇ ಹಾಕಿದ್ದು ಕಣ್ರಪ್ಪ. ಬೆಳಗೊಳದ ಹತ್ರ ಪಿನ್ನು ಬಿದ್ದೋಗಿತ್ತು. ರಾತ್ರಿ ಆಗಿತ್ತು, ನಿಮ್ಮಜ್ಜಿ ಹಿಂದೆ ಕೂತಿದ್ಲು. ರಸ್ತೆ ಪಕ್ಕ ಒಂದು ಅಂಗಡಿ ಬಾಗಿಲಿಂದ ಕಿತ್ತು ಹಾಕ್ದೆ. ನಾಳೆ ಬದಲಾಯಿಸೋಣ ಅಂದ್ಕೊಂಡೆ." ಸ್ವಲ್ಪ ಬಿಟ್ಟು, "ಆಮೇಲೆ ಹನ್ನೊಂದು ವರ್ಷ ಓಡಿಸ್ದೆ. ಇವಳನ್ನ ಕೂರಿಸ್ಕೊಂಡೇ" ಅಂದರು. ಅಜ್ಜಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ಅವರೂ ಏನೂ ಹೇಳಲಿಲ್ಲ. ಗೆಳೆಯನ ಪ್ಲಾಸ್ಟರ್ ಮೇಲೆ ತಾತ ಒಂದು ಸಲ ಕೈಯಾಡಿಸಿದರು, ಕಾಫಿ ಬಂತು, ಕುಡಿದ್ವಿ. ಬೇರೆ ಮಾತು ಶುರುವಾಗೋಕೆ ತುಂಬಾ ಹೊತ್ತು ಹಿಡೀತು.

ಬಸ್ಸಿನಲ್ಲಿ ವಾಪಸ್ ಬರುವಾಗ ನಮ್ಮೊಳಗೆ ಜಗಳವೇ ಆಯಿತು. ಒಬ್ಬ ತಾತನದ್ದು ತಪ್ಪು ಅಂದ. ಇನ್ನೊಬ್ಬ, ರಾತ್ರಿ ಆ ರಸ್ತೆಯಲ್ಲಿ ಬ್ರೇಕಿಲ್ಲದೆ ಬರೋದಕ್ಕಿಂತ ಮೊಳೆ ಹಾಕಿಕೊಂಡು ಬಂದದ್ದೇ ಸರಿ ಅಂದ. ಅವನ ಮಾತು ನಿಜ, ಅವತ್ತು ರಾತ್ರಿ ಮೊಳೆ ಸರಿಯಾದ ಪಾರ್ಟು. ಮಾರನೇ ದಿನ ಬೆಳಿಗ್ಗೆಯಿಂದ ಅಲ್ಲ. ಕೈ ಮುರಿದುಕೊಂಡವನು, "ಟಿಕ್ ಹಾಕಿದ್ದು ನಾವಲ್ವಾ?" ಅಂದ. ಅದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಅದೇ ವಾರ ಬೈಕಿನ ಎಲ್ಲ ಪಿನ್ನು, ಎಲ್ಲ ಸ್ಪ್ಲಿಟ್ ಪಿನ್ನು ತೊಳೆದು ನೋಡಿದ್ವಿ. ಬ್ರೇಕಿಗೆ 6 ಮಿ.ಮೀ. ಪಿನ್ನು ಲೇತ್‌ನಲ್ಲಿ ನಾವೇ ಮಾಡಿದ್ವಿ, ಎರಡು ಬದಿ ವಾಷರು, ತುದಿಗೆ ಸ್ಪ್ಲಿಟ್ ಪಿನ್ನು. ಮುಂದಿನ ಬ್ರೇಕಿಗೆ ಹೊಸ ಶೂ ಹಾಕಿದ್ವಿ. ಆಮೇಲೆ ಒಂದು ಕೆಲಸ ಮಾಡಿದ್ವಿ, ನೀವೂ ಮಾಡಬಹುದು: ಉಳಿದಿರೋ ಪ್ರತಿ ತೇಪೆಗೂ ಕೆಂಪು ಪೇಂಟಿನ ಒಂದು ಚುಕ್ಕಿ, ಪಕ್ಕದಲ್ಲಿ ಹಾಕಿದ ತಾರೀಖು. ಹಸಿರು ವೈರಿಗೂ ಇದೆ, ಡಬಲ್ ಗ್ಯಾಸ್ಕೆಟ್‌ಗೆ ಬ್ಯಾರೆಲ್ ಮೇಲೆ ಇದೆ. ನೋಡೋಕೆ ಬೈಕಿಗೆ ಅಮ್ಮ ಬಂದಂಗಿದೆ ಅಂತ ಸಿವಿಲ್‌ನವರು ನಗ್ತಾರೆ. ನಗಲಿ.

2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಮೂಲ ರೂಪದಲ್ಲೇ ಇರೋ ಬೈಕು ಮಾತ್ರ ವಿಂಟೇಜ್. ನಮ್ಮದಕ್ಕೆ ಇನ್ನೂ ಕೆಲವು ವರ್ಷ ಬಾಕಿ ಇದೆ. ಲಗ್ನಪತ್ರಿಕೆಯನ್ನ ಮೂಲ ರೂಪ ಅಂತ ಒಪ್ಪಿಕೊಳ್ತಾರಾ ಅನ್ನೋ ಪ್ರಶ್ನೆ ಆವಾಗ ಬರಬಹುದು. ಸದ್ಯಕ್ಕೆ ಕ್ಲಚ್ ಕವರ್‌ನಲ್ಲಿ ಇರೋದು ಹೋದ ವರ್ಷದ ನಮ್ಮ ರಾಜ್ಯೋತ್ಸವದ ಆಮಂತ್ರಣ ಪತ್ರಿಕೆ, ಒಂದು ಹನಿಯೂ ಸೋರಿಲ್ಲ.

ಒಂದು ದೊಡ್ಡ ಕೆಲಸ ಬಾಕಿ ಇದೆ. ಕ್ರ್ಯಾಂಕ್‌ಕೇಸಿನಲ್ಲಿ ಮೇನ್ ಬೇರಿಂಗ್ ಸಡಿಲವಾಗಿ, ಬೇರಿಂಗ್ ಕೂರೋ ಜಾಗಕ್ಕೆ ಸುತ್ತಲೂ ಪಂಚ್ ಹೊಡೆಸಿದ್ದಾಗಿ ತಾತ ಆ ಭಾನುವಾರ ಹೊರಡೋ ಮುಂಚೆ ತಾವಾಗಿಯೇ ಹೇಳಿದರು. "ಇದನ್ನೂ ಬರ್ಕೊಳ್ಳಿ" ಅಂದರು. ಪಂಚ್ ಹೊಡೆದಾಗ ಏಳೋ ಚಿಕ್ಕ ಗುಡ್ಡೆಗಳು ಬೇರಿಂಗನ್ನ ಹಿಡೀತವೆ, ಆದರೆ ಮುಟ್ಟೋದು ಬರೀ ಆ ತುದಿಗಳು. ಅದರ ಮೇಲೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತೆ. 62 ಮಿ.ಮೀ. ಹೊರವ್ಯಾಸದ ಬೇರಿಂಗ್ ಆದರೆ, 80 ಡಿಗ್ರಿ ಬಿಸಿಯೇರಿದಾಗ ಬರೀ ಹಿಗ್ಗುವಿಕೆಯ ವ್ಯತ್ಯಾಸದಿಂದಲೇ ಸುಮಾರು 0.05 ಮಿ.ಮೀ. ಸಡಿಲ. ಟೂ-ಸ್ಟ್ರೋಕಿನಲ್ಲಿ ಬೇರಿಂಗ್ ಅಲ್ಲಾಡಿದರೆ ಪಕ್ಕದ ಆಯಿಲ್ ಸೀಲ್ ಹೋಗುತ್ತೆ, ಸೀಲ್ ಹೋದರೆ ಕ್ರ್ಯಾಂಕ್‌ಕೇಸ್ ಗಾಳಿ ಎಳೆಯುತ್ತೆ, ಮಿಶ್ರಣ ತೆಳುವಾಗಿ ಪಿಸ್ಟನ್ ಹಿಡ್ಕೊಳ್ಳುತ್ತೆ. ಸೆಮಿಸ್ಟರ್ ರಜೆಯಲ್ಲಿ ಕೇಸ್ ಬಿಚ್ಚಿ, ಬೋರ್ ಮಾಡಿಸಿ ಸ್ಲೀವ್ ಕೂರಿಸಬೇಕು ಅಂತ ಇದೆ. ಬೇರಿಂಗ್ ಪುಲ್ಲರ್ ಇರೋರು, ಇಲ್ಲ ಮನೆಯಲ್ಲಿ ಹಳೇ ಯೆಜ್ಡಿ ಇದ್ದು ಅದರಲ್ಲಿ ವಿಚಿತ್ರವಾದದ್ದೇನಾದರೂ ಕಂಡಿರೋರು ಸಂಜೆ ಐದರ ಮೇಲೆ ವರ್ಕ್‌ಶಾಪ್ ಹಿಂದೆ ಬನ್ನಿ. ಬಿಚ್ಚೋ ಮುಂಚೆ ಫೋಟೋ ತಗೊಂಡು ಬನ್ನಿ.